ಬೋರ್ಡಿನ ಪಕ್ಕದ ಪಟ್ಟಿ ಹೇಳುವುದೇನು? ಚೆಸ್ ಎಂಜಿನ್ ಮತ್ತು ಗ್ರ್ಯಾಂಡ್‌ಮಾಸ್ಟರ್

2024ರ ಡಿಸೆಂಬರ್ 12. ಸಿಂಗಾಪುರದಲ್ಲಿ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ 14ನೇ ಆಟ, ಅಂದರೆ ಕೊನೆಯದು. ಸವಾಲು ಹಾಕಿದ್ದ ಗುಕೇಶ್ ಮತ್ತು ಆಗಿನ ವಿಶ್ವ ಚಾಂಪಿಯನ್, ಚೀನಾದ ಡಿಂಗ್ ಲಿರೆನ್, ಇಬ್ಬರದ್ದೂ ಆರೂವರೆ ಅಂಕ. ಬೋರ್ಡಿನ ಮೇಲೆ ಹೆಚ್ಚು ಕಾಯಿ ಉಳಿದಿರಲಿಲ್ಲ. ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ. ಕಪ್ಪು ಕಾಯಿ ನಡೆಸುತ್ತಿದ್ದ ಗುಕೇಶ್‌ಗೆ ಎರಡು ಪದಾತಿ, ಡಿಂಗ್‌ಗೆ ಒಂದು. ಇಂಥ ಆಟ ಸಾಮಾನ್ಯವಾಗಿ ಡ್ರಾ ಆಗುತ್ತದೆ. 55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ತಂದು ಆನೆಗೆ ಆನೆ ಕೊಡಲು ಮುಂದಾದರು. ಮೇಲ್ನೋಟಕ್ಕೆ ಸರಿಯಾದ ಕೆಲಸವೇ. ಕಾಯಿ ಕಡಿಮೆಯಾದಷ್ಟೂ ಡ್ರಾ ಹತ್ತಿರ, ಅಲ್ವಾ?

ಆನ್‌ಲೈನ್‌ನಲ್ಲಿ ನೋಡುತ್ತಿದ್ದವರಿಗೆ ಬೇರೆಯೇ ಕಂಡಿತು. ಬೋರ್ಡಿನ ಪಕ್ಕದಲ್ಲಿ ಒಂದು ಕಪ್ಪು-ಬಿಳಿ ಪಟ್ಟಿ ಇರುತ್ತದೆ. ಯಾರು ಎಷ್ಟು ಮುಂದಿದ್ದಾರೆ ಎಂದು ಎಂಜಿನ್, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ, ಅದರಲ್ಲಿ ತೋರಿಸುತ್ತದೆ. ಅದು ಒಮ್ಮೆಲೇ ಕಪ್ಪಿನ ಕಡೆಗೆ ಜಾರಿತು. ಪಟ್ಟಿ ಕಾಣದ ಗುಕೇಶ್‌ಗೆ ಡಿಂಗ್‌ನ ತಪ್ಪು ಹೊಳೆಯಲು ಕೆಲವು ಕ್ಷಣ ಬೇಕಾಯಿತು. ಹೊಳೆದಾಗ ಅವರ ಮುಖದಲ್ಲಾದ ಬದಲಾವಣೆಯನ್ನು ಕ್ಯಾಮೆರಾ ಹಿಡಿದಿದೆ. ಡಿಂಗ್‌ನ ಒಂಟೆ ಮೂಲೆ ಮನೆಯಲ್ಲಿ ಕೂತಿತ್ತು. ಆನೆಗಳು ಹೋದ ಮೇಲೆ ಗುಕೇಶ್ ತಮ್ಮ ಒಂಟೆಯನ್ನು ಅದೇ ಓರೆಗೆರೆಯಲ್ಲಿ ಎದುರಿಗೆ ನಿಲ್ಲಿಸಿದರೆ, ಮೂಲೆಯ ಒಂಟೆಗೆ ಓಡಲು ಜಾಗವಿಲ್ಲ. ಒಂಟೆಗಳೂ ಹೋಗುತ್ತವೆ. ಉಳಿಯುವುದು ರಾಜರು ಮತ್ತು ಮೂರು ಪದಾತಿ. ಆ ಆಟ ಕಪ್ಪಿಗೆ ಗೆಲುವು. ಮೂರು ನಡೆಗಳ ನಂತರ ಡಿಂಗ್ ಸೋಲೊಪ್ಪಿದರು.

ಮನೆಯಲ್ಲಿ ಫೋನ್ ಹಿಡಿದು ಕೂತವರಿಗೆ ತಕ್ಷಣ ಗೊತ್ತಾದದ್ದು ವಿಶ್ವ ಚಾಂಪಿಯನ್‌ಗೆ ಯಾಕೆ ಗೊತ್ತಾಗಲಿಲ್ಲ? ಇದಕ್ಕೆ ಉತ್ತರ ಹುಡುಕಿದರೆ ಯಂತ್ರದ ಆಟಕ್ಕೂ ಮನುಷ್ಯನ ಆಟಕ್ಕೂ ಇರುವ ವ್ಯತ್ಯಾಸ ಅರ್ಥವಾಗುತ್ತದೆ. ‘ಕಂಪ್ಯೂಟರ್ ಜೋರಾಗಿ ಲೆಕ್ಕ ಹಾಕುತ್ತದೆ’ ಎಂದು ಹೇಳಿ ಮುಗಿಸಿದರೆ ಅರ್ಧ ಕಥೆ ಮಾತ್ರ ಹೇಳಿದಂತೆ.

ಮೊದಲು ಆ ಅರ್ಧವನ್ನೇ ನೋಡೋಣ. ಆಟ ಶುರುವಾದಾಗ ಬಿಳಿಗೆ 20 ನಡೆಗಳ ಆಯ್ಕೆ ಇದೆ. ಕಪ್ಪಿಗೂ 20. ಇಬ್ಬರೂ ಒಂದೊಂದು ನಡೆ ಆಡಿದರೆ 400 ದಾರಿ. ಇಬ್ಬರೂ ಎರಡೆರಡು ಆಡಿದರೆ 1,97,281. ಮೂರು ಮೂರು ಆಡಿದರೆ 11 ಕೋಟಿ 90 ಲಕ್ಷಕ್ಕೂ ಜಾಸ್ತಿ. ಹೀಗೆ ಬೆಳೆಯುವ ಮರವನ್ನು ಕೊನೆಯ ತುದಿವರೆಗೆ ಯಾವ ಕಂಪ್ಯೂಟರೂ ನೋಡಲಾರದು. ಕ್ಲಾಡ್ ಶಾನನ್ 1950ರಲ್ಲಿ ಬರೆದ ಲೇಖನದಲ್ಲೇ ಇದನ್ನು ಹೇಳಿದ್ದರು. ಒಂದು ಪೂರ್ತಿ ಆಟದ ಸಾಧ್ಯತೆಗಳನ್ನು ಅವರು 1ರ ಮುಂದೆ 120 ಸೊನ್ನೆ ಎಂದು ಅಂದಾಜು ಮಾಡಿದ್ದರು.

ಹಾಗಾಗಿ ಎಂಜಿನ್ ಎರಡು ಕೆಲಸ ಮಾಡುತ್ತದೆ. ಕೆಲವು ನಡೆ ಮುಂದಕ್ಕೆ ಹೋಗಿ ನೋಡುತ್ತದೆ. ಅಲ್ಲಿ ನಿಂತು, ಯಾರಿಗೆ ಎಷ್ಟು ಅನುಕೂಲ ಎಂದು ಅಂಕ ಹಾಕುತ್ತದೆ. ಮುಂದೆ ನೋಡುವಾಗ ಅದು ಒಂದು ಸರಳ ನಿಯಮ ಇಟ್ಟುಕೊಂಡಿದೆ: ನನ್ನ ಸರದಿಯಲ್ಲಿ ನನಗೆ ಒಳ್ಳೆಯದನ್ನು ಆರಿಸುತ್ತೇನೆ, ಎದುರಾಳಿ ತನ್ನ ಸರದಿಯಲ್ಲಿ ನನಗೆ ಕೆಟ್ಟದ್ದನ್ನು ಆರಿಸುತ್ತಾನೆ. ಇದಕ್ಕೆ ಇನ್ನೊಂದು ಜಾಣತನ ಸೇರುತ್ತದೆ. ನಾನೊಂದು ನಡೆ ಯೋಚಿಸಿದೆ, ಅದಕ್ಕೆ ಎದುರಾಳಿಯ ಒಂದು ಉತ್ತರದಿಂದ ನನ್ನ ಮಂತ್ರಿಯೇ ಹೋಗುತ್ತದೆ ಎಂದಿಟ್ಟುಕೊಳ್ಳಿ. ಬೇರೆ ಉತ್ತರಗಳನ್ನು ನೋಡುವ ಅಗತ್ಯವೇ ಇಲ್ಲ. ಆ ನಡೆಯನ್ನು ಅಲ್ಲಿಗೇ ಬಿಡಬಹುದು. ಮರದ ಇಂಥ ಕೊಂಬೆಗಳನ್ನು ಕತ್ತರಿಸುತ್ತಾ ಹೋದರೆ, ಅದೇ ಸಮಯದಲ್ಲಿ ಹೆಚ್ಚು ಕಡಿಮೆ ಎರಡರಷ್ಟು ಆಳಕ್ಕೆ ಇಳಿಯಬಹುದು. ಇದರ ಹೆಸರು ಆಲ್ಫಾ-ಬೀಟಾ ವಿಧಾನ. ಇವತ್ತಿಗೂ ಸ್ಟಾಕ್‌ಫಿಶ್‌ನಂಥ ಎಂಜಿನ್‌ಗಳ ಬೆನ್ನೆಲುಬು ಇದೇ.

ಎರಡನೇ ಕೆಲಸ, ಅಂದರೆ ಅಂಕ ಹಾಕುವುದು, ಜಾಸ್ತಿ ಕಷ್ಟದ್ದು. ಪದಾತಿಗೆ ಒಂದು, ಕುದುರೆಗೂ ಒಂಟೆಗೂ ಮೂರು, ಆನೆಗೆ ಐದು, ಮಂತ್ರಿಗೆ ಒಂಬತ್ತು ಎಂದು ಮಕ್ಕಳಿಗೂ ಹೇಳಿಕೊಡುತ್ತೇವೆ. ಆದರೆ ರಾಜನ ಸುತ್ತ ಎಷ್ಟು ಬಯಲಾಗಿದೆ, ಪದಾತಿಗಳ ಸಾಲು ಎಲ್ಲಿ ಮುರಿದಿದೆ, ಯಾವ ಕುದುರೆ ಹತ್ತು ನಡೆಗಳ ನಂತರ ಒಳ್ಳೆಯ ಮನೆ ಸೇರಬಹುದು, ಇದಕ್ಕೆಲ್ಲ ಎಷ್ಟು ಅಂಕ ಕೊಡಬೇಕು? ದಶಕಗಳ ಕಾಲ ಯಂತ್ರಗಳು ಎಡವಿದ್ದು ಇಲ್ಲೇ. ಮನುಷ್ಯ ಗೆಲ್ಲುತ್ತಿದ್ದದ್ದೂ ಇಲ್ಲೇ.

ಗ್ರ್ಯಾಂಡ್‌ಮಾಸ್ಟರ್ ಹೇಗೆ ಯೋಚಿಸುತ್ತಾರೆ ಎಂಬುದನ್ನು ನೆದರ್‌ಲೆಂಡ್ಸ್‌ನ ಮನಶ್ಶಾಸ್ತ್ರಜ್ಞ, ಸ್ವತಃ ಚೆಸ್ ಆಟಗಾರರೂ ಆಗಿದ್ದ ಆಡ್ರಿಯಾನ್ ಡಿ ಗ್ರೂಟ್ 1940ರ ದಶಕದಲ್ಲೇ ಪರೀಕ್ಷಿಸಿದ್ದರು. ಅವರು ಕಂಡದ್ದು ಆಶ್ಚರ್ಯದ ಸಂಗತಿ. ದೊಡ್ಡ ಆಟಗಾರರು ಉಳಿದವರಿಗಿಂತ ತುಂಬಾ ಹೆಚ್ಚು ನಡೆಗಳನ್ನೇನೂ ಲೆಕ್ಕ ಹಾಕುತ್ತಿರಲಿಲ್ಲ. ಆದರೆ ಅವರು ನೋಡುತ್ತಿದ್ದ ಕೆಲವೇ ನಡೆಗಳು ಸರಿಯಾದ ನಡೆಗಳಾಗಿರುತ್ತಿದ್ದವು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಅಮೆರಿಕದಲ್ಲಿ ಇದನ್ನು ಮುಂದುವರಿಸಿದರು. ನಿಜವಾದ ಆಟದ ಒಂದು ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿದರೆ ಒಳ್ಳೆಯ ಆಟಗಾರ ಬಹುತೇಕ ಕಾಯಿಗಳನ್ನು ತಿರುಗಿ ಜೋಡಿಸುತ್ತಾನೆ. ಅದೇ ಕಾಯಿಗಳನ್ನು ಸುಮ್ನೆ ಎಲ್ಲೆಂದರಲ್ಲಿ ಇಟ್ಟು ತೋರಿಸಿದರೆ ಅವನ ನೆನಪು ಹೊಸಬನ ಮಟ್ಟಕ್ಕೇ ಇಳಿಯುತ್ತದೆ. ಅಂದರೆ ಗ್ರ್ಯಾಂಡ್‌ಮಾಸ್ಟರ್ ಕಾಯಿಗಳನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ. ಸಾವಿರಾರು ಆಟಗಳಿಂದ ತಲೆಯಲ್ಲಿ ಕೂತಿರುವ ವಿನ್ಯಾಸಗಳನ್ನು ಗುರುತಿಸುತ್ತಾರೆ. ನಾವು ಅಕ್ಷರ ಕೂಡಿಸದೆ ಪದವನ್ನೇ ಒಟ್ಟಾಗಿ ಓದುತ್ತೇವಲ್ಲ, ಹಾಗೆ.

ಈ ಶಕ್ತಿಯೇ ಕೆಲವೊಮ್ಮೆ ಕೈಕೊಡುತ್ತದೆ. 2006ರ ನವೆಂಬರ್‌ನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಎಂಬ ಎಂಜಿನ್ ಜೊತೆ ಆಡುತ್ತಿದ್ದರು. ಎರಡನೇ ಆಟದಲ್ಲಿ ಅವರ ಸ್ಥಿತಿಗೆ ಯಾವ ತೊಂದರೆಯೂ ಇರಲಿಲ್ಲ. ನಿಧಾನವಾಗಿ ಯೋಚಿಸಿ ಒಂದು ನಡೆ ಆಡಿದರು. ಮುಂದಿನ ನಡೆಯಲ್ಲೇ ಚೆಕ್‌ಮೇಟ್! ಒಂದೇ ನಡೆಯ ಮೇಟ್, ಹೊಸದಾಗಿ ಕಲಿಯುವ ಹುಡುಗರೂ ಕಾಣುವಂಥದ್ದು. ಮೇಟ್ ಆದ ರೀತಿಯನ್ನು ನೋಡಿದರೆ ಕಾರಣ ಸ್ವಲ್ಪ ಹೊಳೆಯುತ್ತದೆ. ಬಿಳಿ ಮಂತ್ರಿ ರಾಜನ ಪಕ್ಕದ ಮನೆಗೆ ಬಂತು, ಅದಕ್ಕೆ ಬೆಂಬಲ ಕೊಟ್ಟದ್ದು ಬೋರ್ಡಿನ ಕೊನೆಯ ಸಾಲಿನಲ್ಲಿ ಕೂತ ಕುದುರೆ. ಅಲ್ಲಿಂದ ಕುದುರೆ ಮೇಟ್‌ಗೆ ಬೆಂಬಲ ಕೊಡುವುದು ತೀರಾ ಅಪರೂಪ. ಸಾಮಾನ್ಯವಾಗಿ ಅದು ಮಧ್ಯದ ಕಡೆಯಿಂದ ಬರುತ್ತದೆ. ಕ್ರಾಮ್ನಿಕ್ ತಲೆಯಲ್ಲಿದ್ದ ಅಪಾಯದ ಚಿತ್ರಗಳಲ್ಲಿ ಈ ಚಿತ್ರ ಇರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಎಂಜಿನ್‌ಗೆ ಅಪರೂಪ, ಸಾಮಾನ್ಯ ಎಂಬ ಭೇದವಿಲ್ಲ. ನಿಯಮದ ಪ್ರಕಾರ ಆಗುವಂಥ ಹತ್ತಿರದ ಮೇಟ್ ಯಾವುದೂ ಅದರ ಕಣ್ಣು ತಪ್ಪಿಸುವುದಿಲ್ಲ. ಕ್ರಾಮ್ನಿಕ್ ಆ ಪಂದ್ಯವನ್ನು 2–4ರಿಂದ ಸೋತರು. ಆಮೇಲೆ ಯಾವ ವಿಶ್ವ ಚಾಂಪಿಯನ್ನೂ ಎಂಜಿನ್ ವಿರುದ್ಧ ಸಮಬಲದ ದೊಡ್ಡ ಪಂದ್ಯ ಆಡಿಲ್ಲ.

ಎಲ್ಲರ ನೆನಪಿನಲ್ಲಿ ಉಳಿದಿರುವುದು ಮಾತ್ರ ಅದಕ್ಕಿಂತ ಒಂಬತ್ತು ವರ್ಷ ಹಿಂದಿನ ಪಂದ್ಯ. 1996ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಐಬಿಎಂನ ಡೀಪ್ ಬ್ಲೂ ಮೊದಲ ಆಟದಲ್ಲೇ ಗ್ಯಾರಿ ಕ್ಯಾಸ್ಪರೋವ್‌ರನ್ನು ಸೋಲಿಸಿತು. ಆದರೂ ಪಂದ್ಯವನ್ನು ಕ್ಯಾಸ್ಪರೋವ್ 4–2ರಿಂದ ಗೆದ್ದರು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಮತ್ತೆ ಭೇಟಿ. ಡೀಪ್ ಬ್ಲೂ ಈಗ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡುತ್ತಿತ್ತು. ಅದಕ್ಕಾಗಿಯೇ ಮಾಡಿದ 480 ಚಿಪ್‌ಗಳು ಅದರಲ್ಲಿದ್ದವು. ಫಲಿತಾಂಶ 3.5–2.5, ಯಂತ್ರಕ್ಕೆ ಗೆಲುವು.

ಆ ಪಂದ್ಯದ ಎರಡನೇ ಆಟವನ್ನು ಗಮನಿಸಬೇಕು. ಡೀಪ್ ಬ್ಲೂಗೆ ಪದಾತಿಗಳನ್ನು ಹೊಡೆಯುವ ಅವಕಾಶವಿತ್ತು. ಕಂಪ್ಯೂಟರ್ ಎಂದರೆ ಸಿಕ್ಕಿದ್ದನ್ನು ಹೊಡೆಯುತ್ತದೆ ಎಂದು ಕ್ಯಾಸ್ಪರೋವ್ ನಂಬಿದ್ದರು. ಅದು ಹೊಡೆಯಲಿಲ್ಲ. ಬದಲಿಗೆ ಎದುರಾಳಿಯ ಕೈಕಾಲು ಕಟ್ಟುವ ಶಾಂತ ನಡೆ ಆಡಿತು. ಕ್ಯಾಸ್ಪರೋವ್ ಕಂಗಾಲಾದರು. ಇದರ ಹಿಂದೆ ಮನುಷ್ಯರ ಕೈ ಇದೆಯೇ ಎಂಬ ಅನುಮಾನ ಅವರಿಗೆ ಬಂತು. ಕೊನೆಗೆ ಅವರು ಸೋಲೊಪ್ಪಿದ ಸ್ಥಿತಿಯಲ್ಲಿ, ಮತ್ತೆ ಮತ್ತೆ ಚೆಕ್ ಕೊಟ್ಟು ಡ್ರಾ ಮಾಡಿಕೊಳ್ಳುವ ದಾರಿ ಇತ್ತು ಎಂದು ಆಮೇಲೆ ವಿಶ್ಲೇಷಣೆ ಮಾಡಿದವರು ತೋರಿಸಿದರು. ಡ್ರಾ ಇದ್ದಿದ್ದರೆ ಈ ಯಂತ್ರ ಬಿಡುತ್ತಿರಲಿಲ್ಲ ಎಂದು ನಂಬಿ ಕ್ಯಾಸ್ಪರೋವ್ ಕೈಬಿಟ್ಟಿದ್ದರು! ಆ ದಿನ ಅವರನ್ನು ಸೋಲಿಸಿದ್ದು ಯಂತ್ರದ ಲೆಕ್ಕಕ್ಕಿಂತ ಯಂತ್ರದ ಬಗೆಗಿನ ಅವರ ಕಲ್ಪನೆ. ಆರನೇ ಆಟ 19 ನಡೆಗೇ ಮುಗಿಯಿತು. ಡೀಪ್ ಬ್ಲೂ ಮತ್ತೆ ಪಂದ್ಯ ಆಡಲೇ ಇಲ್ಲ.

1997ರಲ್ಲೇ ಯಂತ್ರ ಮನುಷ್ಯನನ್ನು ಪೂರ್ತಿ ದಾಟಿಬಿಟ್ಟಿತು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. 2002ರಲ್ಲಿ ಬಹರೇನ್‌ನಲ್ಲಿ ಕ್ರಾಮ್ನಿಕ್ ಮತ್ತು ಡೀಪ್ ಫ್ರಿಟ್ಜ್ 4–4ರಲ್ಲಿ ಸಮ ಮಾಡಿಕೊಂಡರು. 2003ರಲ್ಲಿ ಕ್ಯಾಸ್ಪರೋವ್ ಮತ್ತು ಡೀಪ್ ಜೂನಿಯರ್ 3–3. ಸಮತೋಲ ತಪ್ಪಿದ್ದು 2005ರ ಹೊತ್ತಿಗೆ. ಆಗ ಲಂಡನ್‌ನಲ್ಲಿ ಹೈಡ್ರಾ ಎಂಬ ಯಂತ್ರ, ವಿಶ್ವದ ಮುಂಚೂಣಿ ಆಟಗಾರ ಮೈಕಲ್ ಆಡಮ್ಸ್ ಅವರನ್ನು 5.5–0.5ರಿಂದ ಸೋಲಿಸಿತು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಸುದ್ದಿ 2009ರದ್ದು. ಬ್ಯೂನಸ್ ಐರಿಸ್‌ನ ಒಂದು ಟೂರ್ನಿಯಲ್ಲಿ ಪಾಕೆಟ್ ಫ್ರಿಟ್ಜ್ 4 ಎಂಬ ಪ್ರೋಗ್ರಾಂ ಮೊಬೈಲ್ ಫೋನಿನಲ್ಲಿ ಆಡಿ 10ರಲ್ಲಿ 9.5 ಅಂಕ ಗಳಿಸಿತು. ಅದು ನೋಡುತ್ತಿದ್ದದ್ದು ಸೆಕೆಂಡಿಗೆ 20 ಸಾವಿರಕ್ಕಿಂತ ಕಡಿಮೆ ಸ್ಥಿತಿ. ಡೀಪ್ ಬ್ಲೂನ ವೇಗಕ್ಕೆ ಹೋಲಿಸಿದರೆ ಹತ್ತು ಸಾವಿರದಲ್ಲಿ ಒಂದು ಪಾಲು! ಅಂದರೆ ಆ ಹನ್ನೆರಡು ವರ್ಷಗಳಲ್ಲಿ ಬೆಳೆದದ್ದು ಬರೀ ವೇಗವಲ್ಲ. ಯಾವ ಕೊಂಬೆಯನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂಬ ತಿಳಿವಳಿಕೆ ಬೆಳೆದಿತ್ತು. ಮನುಷ್ಯ ಆಟಗಾರನ ಗುಟ್ಟು ಎಂದು ಡಿ ಗ್ರೂಟ್ ಹೇಳಿದ್ದು ಇದನ್ನೇ.

ಇವತ್ತಿನ ಅಂತರ ಎಷ್ಟು? ಚೆಸ್‌ನಲ್ಲಿ ಬಲವನ್ನು ಎಲೋ ರೇಟಿಂಗ್‌ನಿಂದ ಅಳೆಯುತ್ತಾರೆ. ಮನುಷ್ಯರಲ್ಲಿ ದಾಖಲೆ ಮ್ಯಾಗ್ನಸ್ ಕಾರ್ಲ್‌ಸನ್ ಅವರದ್ದು, 2014ರಲ್ಲಿ 2882. ಎಂಜಿನ್‌ಗಳ ಪಟ್ಟಿಯಲ್ಲಿ ಸ್ಟಾಕ್‌ಫಿಶ್ 3600ರ ಆಸುಪಾಸಿನಲ್ಲಿದೆ. 400 ಅಂಕ ಹಿಂದಿರುವವನು 100 ಆಟದಲ್ಲಿ ಸುಮಾರು 9 ಅಂಕ ಗಳಿಸಬೇಕು ಎನ್ನುತ್ತದೆ ಎಲೋ ಸೂತ್ರ. 700 ಅಂಕ ಹಿಂದಿದ್ದರೆ ಒಂದೂವರೆ, ಎರಡು ಅಂಕ. ಅಂದರೆ 100 ಆಟದಲ್ಲಿ ಮೂರ್ನಾಲ್ಕು ಡ್ರಾ, ಉಳಿದದ್ದೆಲ್ಲ ಸೋಲು.

ಇಲ್ಲಿ ಒಂದು ಎಚ್ಚರ ಬೇಕು. ಎರಡೂ ಪಟ್ಟಿಗಳು ಬೇರೆ ಬೇರೆ. ಮನುಷ್ಯರ ರೇಟಿಂಗ್ ಮನುಷ್ಯರ ನಡುವಿನ ಆಟದಿಂದ ಬಂದದ್ದು, ಎಂಜಿನ್‌ನದ್ದು ಎಂಜಿನ್‌ಗಳ ನಡುವಿನ ಆಟದಿಂದ. ಹಾಗಾಗಿ 3600 ಎಂಬ ಸಂಖ್ಯೆಯನ್ನು ನೇರವಾಗಿ 2882ರ ಪಕ್ಕ ಇಟ್ಟು ಕಳೆಯುವುದು ಪೂರ್ತಿ ಸರಿಯಲ್ಲ. ಅಂತರ ಅಗಾಧ ಎಂಬುದರಲ್ಲಿ ಮಾತ್ರ ಯಾರಿಗೂ ಸಂದೇಹವಿಲ್ಲ. 2016ರಲ್ಲಿ ಕೊಮೊಡೊ ಎಂಬ ಎಂಜಿನ್, ಪದಾತಿಯಂಥ ರಿಯಾಯಿತಿಗಳನ್ನು ಬಿಟ್ಟುಕೊಟ್ಟೂ ಹಿಕಾರು ನಕಮುರಾ ಅವರನ್ನು 2.5–1.5ರಿಂದ ಸೋಲಿಸಿತು. ಈಚೆಗೆ ಲೀಲಾ ಎಂಬ ಎಂಜಿನ್‌ನ ಒಂದು ರೂಪ, ಒಂದು ಕುದುರೆಯನ್ನೇ ತೆಗೆದಿಟ್ಟು ಆಡುತ್ತದೆ. ವೇಗದ ಆಟಗಳಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳೂ ಅದಕ್ಕೆ ಸೋಲುತ್ತಿದ್ದಾರೆ.

ಲೀಲಾ ಹೆಸರು ಬಂದಾಗ ಅದರ ಮೂಲಕ್ಕೂ ಹೋಗಬೇಕು. 2017ರ ಡಿಸೆಂಬರ್‌ನಲ್ಲಿ ಲಂಡನ್‌ನ ಡೀಪ್‌ಮೈಂಡ್ ಕಂಪನಿ, ಲೀಲಾಗೆ ಮಾದರಿಯಾದ ಆಲ್ಫಾಝೀರೊ ಎಂಬ ಪ್ರೋಗ್ರಾಂ ಅನ್ನು ಜಗತ್ತಿಗೆ ತೋರಿಸಿತು. ಅದಕ್ಕೆ ಆಟದ ನಿಯಮ ಬಿಟ್ಟು ಬೇರೇನನ್ನೂ ಹೇಳಿಕೊಟ್ಟಿರಲಿಲ್ಲ. ಆನೆಗೆ ಐದು ಅಂಕ ಎಂಬುದು ಕೂಡ ಗೊತ್ತಿರಲಿಲ್ಲ. ತನ್ನ ಜೊತೆ ತಾನೇ ಆಡುತ್ತಾ, ಯಾವ ಸ್ಥಿತಿಯಿಂದ ಗೆಲುವು ಬರುತ್ತದೆ, ಯಾವುದರಿಂದ ಸೋಲು ಎಂದು ಅದರೊಳಗಿನ ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆಗಳಿಂದ ಕಲಿಯುವ ಲೆಕ್ಕದ ಜಾಲ, ತಾನಾಗಿ ಕಲಿಯಿತು. ಸಾವಿರಾರು ವಿಶೇಷ ಚಿಪ್‌ಗಳ ಮೇಲೆ ಸುಮಾರು ನಾಲ್ಕು ಗಂಟೆಯಲ್ಲಿ ಆಗಿನ ಸ್ಟಾಕ್‌ಫಿಶ್‌ನ ಮಟ್ಟ ದಾಟಿತು. 2018ರಲ್ಲಿ ಪ್ರಕಟವಾದ 1000 ಆಟಗಳ ಪಂದ್ಯದಲ್ಲಿ 155 ಗೆದ್ದು 6 ಸೋತಿತು, ಉಳಿದವು ಡ್ರಾ. ಸ್ಟಾಕ್‌ಫಿಶ್ ಸೆಕೆಂಡಿಗೆ 6 ಕೋಟಿ ಸ್ಥಿತಿ ನೋಡುತ್ತಿದ್ದರೆ ಇದು ನೋಡುತ್ತಿದ್ದದ್ದು 60 ಸಾವಿರ. ಕಡಿಮೆ ನೋಡಿ, ಚೆನ್ನಾಗಿ ಅಳೆಯುವುದು.

ಅದರ ಆಟ ನೋಡಿ ಗ್ರ್ಯಾಂಡ್‌ಮಾಸ್ಟರ್‌ಗಳು ಬೆರಗಾದರು. ಪದಾತಿಗಳನ್ನು ಬಲಿ ಕೊಟ್ಟು, ಎದುರಾಳಿಯ ಕಾಯಿಗಳಿಗೆ ಕದಲಲು ಜಾಗವಿಲ್ಲದಂತೆ ಮಾಡುತ್ತಿತ್ತು. ಅಂಚಿನ ಪದಾತಿಯನ್ನು ಎದುರಾಳಿ ರಾಜನ ಬಳಿಗೆ ತಳ್ಳಿ ಅಲ್ಲೇ ಮೊಳೆಯಂತೆ ಬಿಡುತ್ತಿತ್ತು. ಮನುಷ್ಯರ ಮಾತ್ರ ಸೊತ್ತು ಎಂದುಕೊಂಡಿದ್ದ ‘ಸ್ಥಿತಿಯ ಅಂದಾಜು’ ಯಂತ್ರಕ್ಕೂ ಬಂದಿತ್ತು. ಸ್ಟಾಕ್‌ಫಿಶ್ ತಂಡವೂ 2020ರಲ್ಲಿ ಪುಟ್ಟದೊಂದು ನ್ಯೂರಲ್ ನೆಟ್‌ವರ್ಕ್ ಅಳವಡಿಸಿಕೊಂಡಿತು. ಆ ಉಪಾಯ ಬಂದದ್ದು ಜಪಾನಿನ ಶೋಗಿ ಆಟದ ಪ್ರೋಗ್ರಾಂಗಳಿಂದ. 2023ರಲ್ಲಿ ಮನುಷ್ಯರು ಕೈಯಾರೆ ಬರೆದಿದ್ದ ಹಳೆಯ ಅಂಕದ ಸೂತ್ರಗಳನ್ನು ಪೂರ್ತಿ ತೆಗೆದೇಬಿಟ್ಟರು. ಇವತ್ತು ನಿಮ್ಮ ಫೋನಿನಲ್ಲಿ ಉಚಿತವಾಗಿ ಸಿಗುವ ಸ್ಟಾಕ್‌ಫಿಶ್ ಹುಡುಕಾಟದ ವೇಗ ಮತ್ತು ಕಲಿತ ಅಂದಾಜು ಎರಡನ್ನೂ ಸೇರಿಸಿಕೊಂಡದ್ದು.

ಆಟದ ಕೊನೆಯ ಹಂತದಲ್ಲಿ ಅಂದಾಜೂ ಬೇಡ. ರಾಜರೂ ಸೇರಿ ಏಳು ಕಾಯಿವರೆಗಿನ ಸ್ಥಿತಿಗಳಿಗೆ ಖಚಿತ ಉತ್ತರವನ್ನು ಮೊದಲೇ ಲೆಕ್ಕ ಹಾಕಿ ಕೋಷ್ಟಕಗಳಲ್ಲಿ ಇಟ್ಟಿದ್ದಾರೆ. ಅದರಲ್ಲಿ ಮೇಟ್ ಮಾಡಲು 549 ನಡೆ ಬೇಕಾಗುವ ಸ್ಥಿತಿಯೂ ಸಿಕ್ಕಿದೆ. ಅಂಥ ಆಟದಲ್ಲಿ ನಡೆಗಳ ಅರ್ಥವೇನೆಂದು ಗ್ರ್ಯಾಂಡ್‌ಮಾಸ್ಟರ್‌ಗಳಿಗೂ ಹೇಳಲಾಗುವುದಿಲ್ಲ. ಸಿಂಗಾಪುರದ ಆಟದಲ್ಲಿ ಆನೆ, ಒಂಟೆ ಹೋದ ಮೇಲೆ ಉಳಿಯುತ್ತಿದ್ದದ್ದು ಐದೇ ಕಾಯಿ. ಅಲ್ಲಿ ಪಟ್ಟಿ ಊಹೆ ಮಾಡಬೇಕಾಗಿರಲಿಲ್ಲ. ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಅದು. ಡಿಂಗ್‌ಗೂ ಆ ಐದು ಕಾಯಿಯ ಆಟ ಸೋಲು ಎಂದು ಗೊತ್ತಿರದೆ ಇರಲಿಲ್ಲ. ಮೂಲೆಯ ಒಂಟೆ ತಪ್ಪಿಸಿಕೊಳ್ಳಲಾರದು ಎಂಬ ಒಂದು ಕೊಂಡಿ ಮಾತ್ರ, ಎರಡೂವರೆ ವಾರದ ಪಂದ್ಯದ ದಣಿವಿನಲ್ಲಿ, ಕಣ್ಣು ತಪ್ಪಿತು. ಮನುಷ್ಯರ ತಪ್ಪುಗಳು ಹೆಚ್ಚಾಗಿ ಹೀಗೇ ಇರುತ್ತವೆ. ಗೊತ್ತಿಲ್ಲದ್ದರಿಂದ ಆಗುವುದಕ್ಕಿಂತ, ಗೊತ್ತಿರುವುದು ಆ ಕ್ಷಣಕ್ಕೆ ಒದಗದೆ ಆಗುವುದೇ ಜಾಸ್ತಿ.

ಆದ್ದರಿಂದ ಪಟ್ಟಿ ನೋಡಿ ‘ಅಯ್ಯೋ, ಇಷ್ಟು ಸುಲಭದ ನಡೆ ಕಾಣಲಿಲ್ವಾ’ ಎಂದು ಆಟಗಾರನನ್ನು ಹೀಗಳೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಏನಾಗುತ್ತದೆ ಎಂಬುದನ್ನು ಪಟ್ಟಿ ಹೇಳುತ್ತದೆ. ಹಾಗೆ ಆಡುವುದು ಎಷ್ಟು ಕಷ್ಟ ಎಂಬುದನ್ನು ಹೇಳುವುದಿಲ್ಲ. ಪಟ್ಟಿ ಸೊನ್ನೆ, ಅಂದರೆ ಸಮಬಲ, ಎಂದು ತೋರಿಸುವ ಎರಡು ಸ್ಥಿತಿಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಯಾವ ನಡೆ ಆಡಿದರೂ ಡ್ರಾ. ಇನ್ನೊಂದರಲ್ಲಿ ಬಿಳಿಗೆ ಹತ್ತು ಸಲ ಸತತವಾಗಿ ಒಂದೇ ಒಂದು ಸರಿಯಾದ ನಡೆ ಇದೆ, ತಪ್ಪಿದರೆ ಸೋಲು. ಪಟ್ಟಿಗೆ ಎರಡೂ ಒಂದೇ. ಗಡಿಯಾರದಲ್ಲಿ ಐದು ನಿಮಿಷ ಉಳಿದ ಮನುಷ್ಯನಿಗೆ ಎರಡೂ ಒಂದೇ ಅಲ್ಲ. ಇಂದಿನ ದೊಡ್ಡ ಆಟಗಾರರ ತಯಾರಿ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಎಂಜಿನ್‌ನ ಅತ್ಯುತ್ತಮ ನಡೆ ಎಲ್ಲರ ಬಳಿಯೂ ಇದೆ. ಆದ್ದರಿಂದ ಅವರು ಹುಡುಕುವುದು ಎಂಜಿನ್ ಎರಡನೆಯದೋ ಮೂರನೆಯದೋ ಎಂದು ಹೇಳುವ, ಆದರೆ ಎದುರಾಳಿ ಮನುಷ್ಯನಿಗೆ ಉತ್ತರ ಹುಡುಕಲು ಕಷ್ಟವಾಗುವ ನಡೆಯನ್ನು.

ಎಂಜಿನ್‌ನ ಅಂಕ ಎಲ್ಲ ಕಡೆಯೂ ಸರಿ ಎಂದಲ್ಲ. ಒಬ್ಬರ ಬಳಿ ಕಾಯಿ ಜಾಸ್ತಿ ಇದ್ದರೂ ಎದುರಾಳಿಯ ಕೋಟೆಯೊಳಗೆ ನುಗ್ಗಲು ದಾರಿಯೇ ಇಲ್ಲದ ಸ್ಥಿತಿಗಳಿವೆ. ಮನುಷ್ಯ ಒಂದು ನೋಟದಲ್ಲಿ ‘ಇದು ಡ್ರಾ’ ಎಂದು ಹೇಳಬಲ್ಲ. ಎಂಜಿನ್ ಎಷ್ಟೋ ಹೊತ್ತು ‘ಇವರೇ ಮುಂದೆ’ ಎಂದು ತೋರಿಸುತ್ತಿರುತ್ತದೆ. ಇಂಥ ಜಾಗಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಮನುಷ್ಯ ಮತ್ತು ಯಂತ್ರ ಸೇರಿದರೆ ಯಂತ್ರಕ್ಕಿಂತ ಬಲ ಎಂಬ ಮಾತೂ ಒಂದು ಕಾಲಕ್ಕೆ ನಿಜವಾಗಿತ್ತು. 2005ರಲ್ಲಿ ನಡೆದ ಅಂಥ ಮುಕ್ತ ಟೂರ್ನಿಯನ್ನು ಗೆದ್ದವರು ಇಬ್ಬರು ಸಾಮಾನ್ಯ ಹವ್ಯಾಸಿಗಳು. ಈಗ ಅಂತರ ಅಳಿದಿದೆ. ಎಂಜಿನ್ ಬಳಕೆಗೆ ಅನುಮತಿ ಇರುವ ಪತ್ರಮುಖೇನ ಚೆಸ್‌ನಲ್ಲಿ ಮೇಲಿನ ಹಂತದ ಬಹುತೇಕ ಎಲ್ಲ ಆಟಗಳೂ ಡ್ರಾ ಆಗುತ್ತಿವೆ. ಎಂಜಿನ್‌ಗಳ ನಡುವಿನ ಟೂರ್ನಿಗಳಲ್ಲಿ ಆಟ ಮಾಮೂಲಿಯಾಗಿ ಶುರುವಾದರೆ ಎಲ್ಲವೂ ಡ್ರಾ ಎಂದು, ಒಂದು ಕಡೆಗೆ ವಾಲಿದ ಸ್ಥಿತಿಯಿಂದಲೇ ಆರಂಭಿಸುತ್ತಾರೆ.

ಹಾಗಾದರೆ ಕಲಿಯುವವರು ಏನು ಮಾಡಬೇಕು? ಗುಕೇಶ್ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಅವರ ಆಗಿನ ತರಬೇತುದಾರ ವಿಷ್ಣು ಪ್ರಸನ್ನ, ಗುಕೇಶ್ ರೇಟಿಂಗ್ ಸುಮಾರು 2500 ಮುಟ್ಟುವವರೆಗೆ ಎಂಜಿನ್ ಮುಟ್ಟಲು ಬಿಟ್ಟಿರಲಿಲ್ಲ. ಸ್ವಂತ ಲೆಕ್ಕ, ಸ್ವಂತ ಅಂದಾಜು ಮೊದಲು ಬಲಿಯಲಿ ಎಂದು. ಎಲ್ಲರಿಗೂ ಇದು ಒಪ್ಪುವ ದಾರಿಯಲ್ಲ, ಬೇರೆ ದಾರಿಯಲ್ಲಿ ಮೇಲೆ ಬಂದವರೂ ಇದ್ದಾರೆ. ಆದರೆ ಒಂದು ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಆಟ ಮುಗಿದ ತಕ್ಷಣ ಎಂಜಿನ್ ಹಾಕಬೇಡಿ. ಎಲ್ಲಿ ತಪ್ಪಿದೆ ಎಂದು ಮೊದಲು ನೀವೇ ಬರೆದಿಟ್ಟು, ಆಮೇಲೆ ಹೋಲಿಸಿ ನೋಡಿ. ಯಂತ್ರ ‘ಇದು ತಪ್ಪು’ ಎನ್ನುತ್ತದೆ, ಯಾಕೆ ಹಾಗೆ ಆಡಿದಿರಿ ಎಂಬುದು ನಿಮಗೆ ಮಾತ್ರ ಗೊತ್ತು.

ಆ ‘ಯಾಕೆ’ ಎಂಬ ಕಡೆಗೂ ಈಗ ಯಂತ್ರಗಳು ತಿರುಗಿವೆ. 2020ರಲ್ಲಿ ಟೊರಾಂಟೊ, ಕಾರ್ನೆಲ್ ವಿಶ್ವವಿದ್ಯಾಲಯಗಳು ಮತ್ತು ಮೈಕ್ರೋಸಾಫ್ಟ್ ರಿಸರ್ಚ್‌ನ ಸಂಶೋಧಕರು ಮಾಯಾ ಎಂಬ ಎಂಜಿನ್ ಮಾಡಿದರು. ಅದು ಅತ್ಯುತ್ತಮ ನಡೆ ಹುಡುಕುವುದಿಲ್ಲ. ಲಿಚೆಸ್ ತಾಣದಲ್ಲಿ ಜನ ಆಡಿದ ಲಕ್ಷಾಂತರ ಆಟಗಳನ್ನು ನೋಡಿ, ಇಂಥ ರೇಟಿಂಗ್‌ನ ಮನುಷ್ಯ ಇಲ್ಲಿ ಯಾವ ನಡೆ ಆಡುತ್ತಾನೆ ಎಂದು ಊಹಿಸುತ್ತದೆ. 1100 ರೇಟಿಂಗ್‌ನವರಿಗೆ ಒಂದು ಮಾಯಾ, 1900ರವರಿಗೆ ಇನ್ನೊಂದು. ಸುಮಾರು ಅರ್ಧದಷ್ಟು ಸಲ ಅದರ ಊಹೆ ಸರಿಯಾಗುತ್ತದೆ, ತಪ್ಪು ನಡೆಗಳೂ ಸೇರಿ. ಅದೇ ತಂಡ ಮುಂದೆ ಒಬ್ಬೊಬ್ಬ ಆಟಗಾರನ ಹಳೆಯ ಆಟಗಳಿಂದ ಅವನಿಗೆಂದೇ ಬೇರೆ ಮಾಯಾ ತರಬೇತಿ ಮಾಡಿತು. ಆಗ ಯಂತ್ರ, ಹೆಸರು ಹೇಳದೆ ಕೊಟ್ಟ ಆಟಗಳನ್ನು ನೋಡಿ, ಇವನ್ನು ಆಡಿದವರು ಯಾರು ಎಂದು ಗುರುತಿಸತೊಡಗಿತು.